ಲೋಕಸಭೆಯ ಹಾದಿಯಲ್ಲಿ ಮಹಿಳೆ: ಸೋಲಿಸಿದವರು ಯಾರು?

ಪ್ರಜಾಪ್ರಭುತ್ವದಲ್ಲಿ ಚುನಾವಣೆಯ ಸೋಲು ಗೆಲುವುಗಳು ಸಹಜವಾದವು. ಪುರುಷನೊಬ್ಬ ಸೋತಾಗ ಅದಕ್ಕೆ ಅವನ ಪಕ್ಷ, ಅವನ ನಡತೆ, ಅಂದಿನ ಗಾಳಿ ಇವುಗಳಲ್ಲಿ ಕಾರಣವನ್ನು ಹುಡುಕಲಾಗುತ್ತದೆ. ಮಹಿಳೆಯೊಬ್ಬಳು ಸೋತಾಗ ಮಾತ್ರ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಆಕೆ ಹೆಣ್ಣಾದುದರಿಂದಲೇ ಸೋತಳೇ? ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ 2016ರಲ್ಲಿ ಹಿಲರಿ ಕ್ಲಿಂಟನ್ ಅವರೂ 2024ರಲ್ಲಿ ಕಮಲಾ ಹ್ಯಾರಿಸ್ ಅವರೂ ಸೋತಾಗ ಈ ಪ್ರಶ್ನೆ ಜಗತ್ತಿನಾದ್ಯಂತ ಚರ್ಚೆಗೆ ಬಂದಿತು. ಆದರೆ ಶ್ರೀಮತಿ ಕ್ಲಿಂಟನ್ ಅವರಿಗೆ ಇಡೀ ದೇಶದ ಲೆಕ್ಕದಲ್ಲಿ ಎದುರಾಳಿಗಿಂತ 28 ಲಕ್ಷಕ್ಕೂ ಹೆಚ್ಚು ಮತಗಳು ಬಂದಿದ್ದವು. ರಾಜ್ಯವಾರು ಮತಗಳನ್ನೆಣಿಸುವ ಅಲ್ಲಿನ ಪದ್ಧತಿಯಿಂದಾಗಿ ಅವರು ಸೋತರು. ಒಬ್ಬಿಬ್ಬರ ಸೋಲನ್ನು ಮುಂದಿಟ್ಟುಕೊಂಡು ಇಂತಹ ಪ್ರಶ್ನೆಗೆ ಉತ್ತರ ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ ಇದೊಂದೇ ಸಾಕು.

ಒಂದೇ ದಿನದ ವ್ಯಾಪಾರವನ್ನು ನೋಡಿ ಅಂಗಡಿಯ ಲಾಭನಷ್ಟವನ್ನು ನಿರ್ಣಯಿಸಲಾಗದು. ಅದಕ್ಕೆ ವರ್ಷಗಳ ಲೆಕ್ಕ ಬೇಕು. ಅಂತಹ ದೀರ್ಘವಾದ ಲೆಕ್ಕ ನಮ್ಮ ದೇಶದಲ್ಲಿಯೇ ಲಭ್ಯವಿದೆ. 1951-52ರಿಂದ 2024ರವರೆಗೆ ಲೋಕಸಭೆಗೆ ಹದಿನೆಂಟು ಮಹಾಚುನಾವಣೆಗಳು ನಡೆದಿವೆ. ಸಾವಿರಾರು ಮಹಿಳೆಯರು ಸ್ಪರ್ಧಿಸಿದ್ದಾರೆ. ಅವರಲ್ಲಿ ಗೆದ್ದವರೂ ಸೋತವರೂ ಎಷ್ಟೆಂಬುದನ್ನು ಚುನಾವಣಾ ಆಯೋಗವು ದಾಖಲಿಸಿದೆ. ಈ ದಾಖಲೆಯನ್ನು ಸಾವಧಾನವಾಗಿ ಪರಿಶೀಲಿಸಿದರೆ, ಜನಸಾಮಾನ್ಯರ ನಂಬಿಕೆಗಿಂತ ಭಿನ್ನವಾದ ಸಂಗತಿಯೊಂದು ಕಂಡುಬರುತ್ತದೆ.

ಹೆಸರಿಲ್ಲದ ಮತದಾರರು

ಭಾರತದಲ್ಲಿ ಮಹಿಳೆಯರ ಮತದಾನದ ಹಕ್ಕಿನ ಬೇಡಿಕೆ 1917ರ ಡಿಸೆಂಬರಿನಷ್ಟು ಹಿಂದಿನದು. ಅಂದು ಸರೋಜಿನಿ ನಾಯ್ಡು ಅವರ ನೇತೃತ್ವದಲ್ಲಿ ಮಹಿಳೆಯರ ನಿಯೋಗವೊಂದು ಮದರಾಸಿನಲ್ಲಿ ಭಾರತ ಸಚಿವ ಮಾಂಟೆಗು ಅವರನ್ನು ಕಂಡು ಮನವಿ ಸಲ್ಲಿಸಿತು. 1921ರಲ್ಲಿ ಮದರಾಸು ಪ್ರಾಂತ್ಯವು ಆಸ್ತಿಯ ಅರ್ಹತೆಯುಳ್ಳ ಮಹಿಳೆಯರಿಗೆ ಮತದಾನದ ಹಕ್ಕನ್ನು ಕೊಟ್ಟಿತು. 1926ರಲ್ಲಿ ಸ್ಪರ್ಧಿಸುವ ಹಕ್ಕೂ ದೊರೆತೊಡನೆ ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಮದರಾಸು ವಿಧಾನ ಪರಿಷತ್ತಿನ ಚುನಾವಣೆಗೆ ನಿಂತರು. ಸಿದ್ಧತೆಗೆ ಇದ್ದ ಕಾಲ ಬಹಳ ಸ್ವಲ್ಪ. ಆದರೂ ಅವರು ಸೋತದ್ದು ಅತ್ಯಲ್ಪ ಅಂತರದಿಂದ. ಮಹಿಳೆಯೊಬ್ಬಳು ಮತ ಕೇಳುವುದನ್ನೇ ಕಂಡರಿಯದಿದ್ದ ಆ ಕಾಲದಲ್ಲಿ, ಮತದಾರರಲ್ಲಿ ಬಹುಪಾಲು ಪುರುಷರೇ ಆಗಿದ್ದ ಕ್ಷೇತ್ರದಲ್ಲಿ ಈ ಫಲಿತಾಂಶ ಬಂದಿತೆಂಬುದನ್ನು ನೆನಪಿನಲ್ಲಿಡುವುದು ಯೋಗ್ಯ.

1935ರ ಕಾಯಿದೆಯು ಮಹಿಳಾ ಮತದಾರರ ಸಂಖ್ಯೆಯನ್ನು ಹೆಚ್ಚಿಸಿತಾದರೂ, ಅವರಲ್ಲಿ ಅನೇಕರಿಗೆ ಹಕ್ಕು ಬಂದದ್ದು ಗಂಡನ ಆಸ್ತಿಯ ಆಧಾರದ ಮೇಲೆ. ಹೆಂಡತಿ ಎಂಬ ಸಂಬಂಧವೇ ಅರ್ಹತೆಯಾಯಿತು. ಸ್ವತಂತ್ರ ಭಾರತದ ಸಂವಿಧಾನವು ಈ ಕಟ್ಟನ್ನು ಕಿತ್ತೊಗೆದು ವಯಸ್ಕರೆಲ್ಲರಿಗೂ ಸಮಾನವಾದ ಹಕ್ಕನ್ನು ಕೊಟ್ಟಿತು. ಆದರೆ ಕಾನೂನು ಬದಲಾದಷ್ಟು ಬೇಗ ಮನೆಯ ರೂಢಿ ಬದಲಾಗಲಿಲ್ಲ. ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿಯನ್ನು ಸಿದ್ಧಪಡಿಸುವಾಗ ಲಕ್ಷಾಂತರ ಮಹಿಳೆಯರು ತಮ್ಮ ಸ್ವಂತ ಹೆಸರನ್ನು ಹೇಳಲು ಒಪ್ಪಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಹೆಸರಿಲ್ಲದ ಮತದಾರರು ಸಲ್ಲದೆಂದು ಬಿಗಿಯಾಗಿ ನಿಂತರು. ಮತದಾರರಾಗಬೇಕಿದ್ದ ಸುಮಾರು 8 ಕೋಟಿ ಮಹಿಳೆಯರ ಪೈಕಿ ಹತ್ತಿರ ಹತ್ತಿರ 28 ಲಕ್ಷ ಮಂದಿ ಈ ಕಾರಣದಿಂದ ಪಟ್ಟಿಯಿಂದ ಹೊರಗುಳಿದರು. ಇವರಲ್ಲಿ ಬಹುಪಾಲು ಉತ್ತರ ಹಾಗೂ ಮಧ್ಯ ಭಾರತದವರು.

ಈ ಪ್ರಸಂಗದಲ್ಲಿ ಮಹಿಳೆಯ ಮತವನ್ನು ಯಾರೂ ಕಸಿದುಕೊಳ್ಳಲಿಲ್ಲ. ಯಾವ ಶಾಸನವೂ ತಡೆಯಲಿಲ್ಲ. ಆಕೆ ಮತಗಟ್ಟೆಯನ್ನು ತಲುಪುವ ಮೊದಲೇ, ಮನೆಯ ಹೊಸ್ತಿಲಲ್ಲಿಯೇ ಆಕೆಯ ಪಾಲು ಕೈತಪ್ಪಿತು. ಮುಂದಿನ ಏಳು ದಶಕಗಳ ಚರಿತ್ರೆಯಲ್ಲಿ ಇದೇ ಸಂಗತಿ ಬೇರೆ ಬೇರೆ ರೂಪದಲ್ಲಿ ಮರುಕಳಿಸುವುದನ್ನು ಕಾಣಬಹುದು.

ಮತದಾನದ ವಿಷಯದಲ್ಲಿ ಈ ಅಂತರ ಕಾಲಕ್ರಮೇಣ ಮುಚ್ಚಿತು. 1962ರಲ್ಲಿ ಪುರುಷರಲ್ಲಿ ಶೇ. 63ರಷ್ಟು ಮಂದಿ ಮತ ಹಾಕಿದರೆ ಮಹಿಳೆಯರಲ್ಲಿ ಹಾಕಿದವರು ಶೇ. 47ಕ್ಕಿಂತ ಕಡಿಮೆ. 2019ರಲ್ಲಿ ಮಹಿಳೆಯರ ಪ್ರಮಾಣ ಪುರುಷರ ಪ್ರಮಾಣವನ್ನು ಅತ್ಯಲ್ಪವಾಗಿ ಮೀರಿತು. 2024ರಲ್ಲಿಯೂ ಮಹಿಳೆಯರು ಶೇ. 65.78, ಪುರುಷರು ಶೇ. 65.55 ಆಗಿದ್ದರು. ಮತ ಹಾಕುವವರ ಸಾಲಿನಲ್ಲಿ ಸಮಾನತೆ ಬಂದಿತು. ಮತ ಕೇಳುವವರ ಸಾಲಿನಲ್ಲಿ ಬಂದಿತೇ ಎಂಬುದು ಮುಂದಿನ ಪ್ರಶ್ನೆ.

ಅಂಕಿಗಳು ಹೇಳುವುದೇನು?

1957ರ ಲೋಕಸಭಾ ಚುನಾವಣೆಯಲ್ಲಿ ದೇಶಾದ್ಯಂತ ಸ್ಪರ್ಧಿಸಿದ ಮಹಿಳೆಯರು ಕೇವಲ 45. ಅವರಲ್ಲಿ ಗೆದ್ದವರು 22. ಅಂದರೆ ನಿಂತವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಗೆದ್ದರು. ಅದೇ ಚುನಾವಣೆಯಲ್ಲಿ ಪುರುಷ ಅಭ್ಯರ್ಥಿಗಳ ಪೈಕಿ ಗೆದ್ದವರು ಮೂರರಲ್ಲೊಬ್ಬರಿಗಿಂತ ತುಸು ಕಡಿಮೆ. 1962ರಲ್ಲಿ ನಿಂತ 66 ಮಹಿಳೆಯರಲ್ಲಿ 31 ಮಂದಿ ಗೆದ್ದರು. ಮಹಿಳೆಯರ ಗೆಲುವಿನ ಪ್ರಮಾಣ ಶೇ. 47, ಪುರುಷರದು ಶೇ. 24. 1977ರಲ್ಲಿ ಲೋಕಸಭೆಗೆ ಬಂದ ಮಹಿಳೆಯರು 19 ಮಾತ್ರ. ಅಷ್ಟು ಕಡಿಮೆ ಸಂಖ್ಯೆ ಬೇರಾವ ಮಹಾಚುನಾವಣೆಯಲ್ಲಿಯೂ ಇಲ್ಲ. ಆ ವರ್ಷವೂ ನಿಂತ 70 ಮಹಿಳೆಯರಲ್ಲಿ ಗೆದ್ದವರ ಪ್ರಮಾಣ ಶೇ. 27, ಪುರುಷರಲ್ಲಿ ಶೇ. 22.

ಕಾಲ ಕಳೆದಂತೆ ಅಭ್ಯರ್ಥಿಗಳ ಸಂಖ್ಯೆ ವಿಪರೀತವಾಗಿ ಬೆಳೆದು ಎರಡೂ ಪ್ರಮಾಣಗಳು ಇಳಿದವು. ಆದರೆ ಅವುಗಳ ನಡುವಣ ಸಂಬಂಧ ಬದಲಾಗಲಿಲ್ಲ. 2004ರಲ್ಲಿ ನಿಂತ 355 ಮಹಿಳೆಯರಲ್ಲಿ 45 ಮಂದಿ ಗೆದ್ದರು. ಇದು ಶೇ. 12.7, ಪುರುಷರದು ಶೇ. 9.8. 2019ರಲ್ಲಿ 726 ಮಹಿಳೆಯರಲ್ಲಿ 78 ಮಂದಿ ಗೆದ್ದರು. 2024ರಲ್ಲಿ 800 ಮಹಿಳೆಯರಲ್ಲಿ 74 ಮಂದಿ ಗೆದ್ದರು. ಈ ಕೊನೆಯ ಚುನಾವಣೆಯಲ್ಲಿ ಮಹಿಳೆಯರ ಪ್ರಮಾಣ ಶೇ. 9ಕ್ಕಿಂತ ಹೆಚ್ಚು, ಪುರುಷರದು ಶೇ. 6ರ ಆಸುಪಾಸು.

ಹೀಗಿರುವಾಗ 2024ರಲ್ಲಿ ಲೋಕಸಭೆಯ 543 ಸ್ಥಾನಗಳ ಪೈಕಿ 74ರಲ್ಲಿ ಮಾತ್ರ ಮಹಿಳೆಯರು ಏಕೆ ಗೆದ್ದರು? ಉತ್ತರವು ಅಭ್ಯರ್ಥಿಗಳ ಪಟ್ಟಿಯಲ್ಲಿದೆ. 2024ರಲ್ಲಿ ಕಣದಲ್ಲಿದ್ದವರು ಒಟ್ಟು 8,360. ಅವರಲ್ಲಿ ಮಹಿಳೆಯರು ಹತ್ತರಲ್ಲೊಬ್ಬರಿಗಿಂತಲೂ ಕಡಿಮೆ. 152 ಕ್ಷೇತ್ರಗಳಲ್ಲಿ ಒಬ್ಬಳೇ ಒಬ್ಬ ಮಹಿಳೆಯೂ ಸ್ಪರ್ಧಿಸಿರಲಿಲ್ಲ. ಆ ಕ್ಷೇತ್ರಗಳ ಮತದಾರನಿಗೆ ಪಕ್ಷಪಾತ ಮಾಡುವ ಅವಕಾಶವಾಗಲೀ ಮಾಡದಿರುವ ಅವಕಾಶವಾಗಲೀ ಒದಗಲಿಲ್ಲ. ಅಂಗಡಿಯಲ್ಲಿ ಇರಿಸದ ಸರಕನ್ನು ಗಿರಾಕಿ ಕೊಳ್ಳಲಿಲ್ಲವೆಂದು ದೂರುವುದು ಎಷ್ಟು ಅಸಂಗತವೋ, ಮಹಿಳೆಯನ್ನು ನಿಲ್ಲಿಸದೆ ಜನ ಮಹಿಳೆಗೆ ಮತ ಕೊಡುವುದಿಲ್ಲವೆನ್ನುವುದೂ ಅಷ್ಟೇ ಅಸಂಗತ.

ಲೆಕ್ಕದ ಮಿತಿಗಳು

ಇಷ್ಟನ್ನು ನೋಡಿ ಮತದಾರನಲ್ಲಿ ಲಿಂಗಪಕ್ಷಪಾತವೇ ಇಲ್ಲವೆಂದು ತೀರ್ಮಾನಿಸುವುದೂ ಆತುರವಾದೀತು. ಗೆಲುವಿನ ಪ್ರಮಾಣವೆಂಬ ಅಳತೆಗೋಲಿಗೆ ತನ್ನದೇ ಆದ ದೋಷಗಳಿವೆ.

ಮೊದಲನೆಯದು ಪಕ್ಷೇತರರ ಸಂಗತಿ. 1996ರ ಚುನಾವಣೆಯಲ್ಲಿ ದೇಶದಲ್ಲಿ 13,952 ಅಭ್ಯರ್ಥಿಗಳಿದ್ದರು. ಅವರಲ್ಲಿ ಪಕ್ಷೇತರರೇ ಹತ್ತು ಸಾವಿರಕ್ಕೂ ಅಧಿಕ. ಬೆಳಗಾವಿ ಕ್ಷೇತ್ರವೊಂದರಲ್ಲಿಯೇ 456 ಮಂದಿ ಕಣದಲ್ಲಿದ್ದು, ಮತಪತ್ರವನ್ನು ಮುದ್ರಿಸುವುದೇ ದೊಡ್ಡ ಕೆಲಸವಾಯಿತು. ಠೇವಣಿ ಕಳೆದುಕೊಳ್ಳುವುದು ನಿಶ್ಚಿತವೆಂದು ತಿಳಿದೂ ಹೆಸರಿಗಾಗಿಯೋ ಪ್ರತಿಭಟನೆಗಾಗಿಯೋ ನಿಲ್ಲುವವರಲ್ಲಿ ಪುರುಷರೇ ಹೆಚ್ಚು. ಇದರಿಂದ ಪುರುಷರ ಗೆಲುವಿನ ಪ್ರಮಾಣ ಸಹಜವಾಗಿಯೇ ಕೆಳಗಿಳಿಯುತ್ತದೆ. 1996ರಲ್ಲಿ ಮಹಿಳೆಯರ ಸಂಖ್ಯೆಯೂ 599ಕ್ಕೆ ಏರಿ, ಗೆದ್ದವರು 40 ಮಾತ್ರ ಆದದ್ದಕ್ಕೆ ಇದೇ ನೂಕುನುಗ್ಗಲು ಕಾರಣ. ಅನಂತರ ಠೇವಣಿಯ ಮೊತ್ತವನ್ನು 500 ರೂಪಾಯಿಗಳಿಂದ 10,000 ರೂಪಾಯಿಗಳಿಗೆ ಏರಿಸಿದ ಮೇಲೆ, 1998ರಲ್ಲಿ ನಿಂತ ಮಹಿಳೆಯರು 274ಕ್ಕೆ ಇಳಿದರು. ಗೆದ್ದವರು ಮಾತ್ರ 43ಕ್ಕೆ ಏರಿದರು.

ಎರಡನೆಯದು ಆಯ್ಕೆಯ ಸಂಗತಿ. ಹತ್ತು ಪುರುಷರಿಗೆ ಒಬ್ಬ ಮಹಿಳೆಯಂತೆ ಟಿಕೆಟ್ ಕೊಡುವಾಗ ಪಕ್ಷಗಳು ಬಲವಾದ ಹಿನ್ನೆಲೆಯುಳ್ಳ ಮಹಿಳೆಯನ್ನೇ ಆರಿಸುವುದು ಸಾಮಾನ್ಯ. ಬಲು ಕಠಿಣವಾದ ಜರಡಿಯನ್ನು ದಾಟಿ ಬಂದವರು ಸಾಮಾನ್ಯ ಜರಡಿಯನ್ನು ದಾಟಿದವರಿಗಿಂತ ಹೆಚ್ಚು ಗೆದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದಕಾರಣ ಒಂದೇ ಪಕ್ಷದಲ್ಲಿ, ಒಂದೇ ರಾಜ್ಯದಲ್ಲಿ, ಒಂದೇ ಚುನಾವಣೆಯಲ್ಲಿ ನಿಂತ ಸ್ತ್ರೀಪುರುಷರನ್ನು ಅಕ್ಕಪಕ್ಕ ಇಟ್ಟು ನೋಡುವುದು ಹೆಚ್ಚು ನ್ಯಾಯವಾದ ಪರೀಕ್ಷೆ.

2019ರಲ್ಲಿ ಇಂತಹ ಪರೀಕ್ಷೆಗೆ ಎರಡು ಸಂದರ್ಭಗಳು ಒದಗಿದವು. ಒಡಿಶಾದ ಬಿಜು ಜನತಾದಳವು ಮಹಿಳೆಯರಿಗೆ ಮೂರನೆಯ ಒಂದು ಪಾಲು ಟಿಕೆಟ್ ಕೊಡುವುದಾಗಿ ಘೋಷಿಸಿ, 21 ಕ್ಷೇತ್ರಗಳ ಪೈಕಿ 7ರಲ್ಲಿ ಮಹಿಳೆಯರನ್ನು ನಿಲ್ಲಿಸಿತು. ಅವರಲ್ಲಿ 5 ಮಂದಿ ಗೆದ್ದರು. ಆ ಪಕ್ಷದ 14 ಪುರುಷರಲ್ಲಿ ಗೆದ್ದವರು 7. ಗೆದ್ದ ಮಹಿಳೆಯರಲ್ಲಿ ಅಸ್ಕಾ ಕ್ಷೇತ್ರದ ಪ್ರಮೀಳಾ ಬಿಸೋಯಿ ಅವರು ಸ್ವಸಹಾಯ ಸಂಘಗಳಲ್ಲಿ ದುಡಿದು ಬಂದ ಹಳ್ಳಿಯ ಹಿರಿಯ ಮಹಿಳೆ. ಕ್ಯೋಂಜರ್‌ನ ಚಂದ್ರಾಣಿ ಮುರ್ಮು ಅವರು 25ರ ಹರೆಯದ ಇಂಜಿನಿಯರಿಂಗ್ ಪದವೀಧರೆ. ಪಶ್ಚಿಮ ಬಂಗಾಳದಲ್ಲಿ ತೃಣಮೂಲ ಕಾಂಗ್ರೆಸ್ 42ರಲ್ಲಿ 17 ಸ್ಥಾನಗಳನ್ನು ಮಹಿಳೆಯರಿಗೆ ಕೊಟ್ಟಿತು. ಮಹಿಳೆಯರಲ್ಲಿ 9 ಮಂದಿ, 25 ಪುರುಷರಲ್ಲಿ 13 ಮಂದಿ ಗೆದ್ದರು. ತಕ್ಕಡಿಯ ಎರಡು ತಟ್ಟೆಗಳೂ ಹೆಚ್ಚುಕಡಿಮೆ ಸಮವಾಗಿ ನಿಂತವು.

ಇದಕ್ಕೆ ಇನ್ನೊಂದು ಮುಖವೂ ಉಂಟು. 2024ರಲ್ಲಿ ಒಡಿಶಾದಲ್ಲಿ ಗಾಳಿ ತಿರುಗಿ ಬಿಜು ಜನತಾದಳ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಸ್ತ್ರೀಯರೂ ಸೋತರು, ಪುರುಷರೂ ಸೋತರು. ಅದೇ ವರ್ಷ ತಮಿಳುನಾಡಿನಲ್ಲಿ ನಾಮ್ ತಮಿಳರ್ ಕಚ್ಚಿ ಎಂಬ ಪಕ್ಷ ಸ್ತ್ರೀಪುರುಷರಿಗೆ ಸಮಪಾಲು ಟಿಕೆಟ್ ಕೊಟ್ಟಿತು. ಆ ಪಕ್ಷದಿಂದ ಯಾರೂ ಗೆಲ್ಲಲಿಲ್ಲ. ಮತದಾರನು ಮೊದಲು ತೂಗುವುದು ಪಕ್ಷವನ್ನು. ಪಕ್ಷದ ಅಲೆಯಲ್ಲಿ ಮಹಿಳೆ ಗೆಲ್ಲುವಂತೆ ಪಕ್ಷದ ಇಳಿತದಲ್ಲಿ ಸೋಲುತ್ತಾಳೆ. 1977ರಲ್ಲಿ ಇಂದಿರಾ ಗಾಂಧಿಯವರು ರಾಯ್‌ಬರೇಲಿಯಲ್ಲಿ ಸೋತದ್ದು ತುರ್ತುಪರಿಸ್ಥಿತಿಯ ಕಾರಣದಿಂದ. ಮರುವರ್ಷವೇ ಅವರು ನಮ್ಮ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಮರಳಿದರು.

ಕರ್ನಾಟಕದ ನಿದರ್ಶನ

ಕನ್ನಡ ನಾಡಿನ ಮತದಾರನು ಮಹಿಳೆಗೆ ಮತ ಕೊಡಲು ಹಿಂದೆಗೆದವನಲ್ಲ. ವಕೀಲೆಯೂ ವಿದುಷಿಯೂ ಆಗಿದ್ದ ಡಾ. ಸರೋಜಿನಿ ಮಹಿಷಿಯವರು 1962ರಿಂದ ಆರಂಭಿಸಿ ಧಾರವಾಡ ಉತ್ತರ ಕ್ಷೇತ್ರದಿಂದ ಮತ್ತೆ ಮತ್ತೆ ಆಯ್ಕೆಯಾದರು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಹಾಗೂ ಸುಷ್ಮಾ ಸ್ವರಾಜ್ ಎದುರುಬದುರಾದಾಗ ಇಡೀ ದೇಶದ ದೃಷ್ಟಿ ಆ ಕ್ಷೇತ್ರದ ಮೇಲೆ ನೆಟ್ಟಿತ್ತು. ಅದೇ ವರ್ಷ ಉತ್ತರ ಕನ್ನಡದಲ್ಲಿ ಮಾರ್ಗರೆಟ್ ಆಳ್ವ ಅವರು ಗೆದ್ದರು. 2004ರಲ್ಲಿ ಕನಕಪುರದಲ್ಲಿ ತೇಜಸ್ವಿನಿ ಅವರು ಮಾಜಿ ಪ್ರಧಾನಿ ದೇವೇಗೌಡರನ್ನೇ ಸೋಲಿಸಿದರು. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅವರು ಪಕ್ಷೇತರರಾಗಿ ನಿಂತು ಅಂದಿನ ಮುಖ್ಯಮಂತ್ರಿಯ ಪುತ್ರನ ವಿರುದ್ಧ ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು.

2024ರ ಚುನಾವಣೆಯು ಲೆಕ್ಕಕ್ಕೆ ಇನ್ನೂ ಅನುಕೂಲ. ರಾಜ್ಯದ 28 ಕ್ಷೇತ್ರಗಳಲ್ಲಿಯೂ ಸ್ಪರ್ಧಿಸಿದ ಕಾಂಗ್ರೆಸ್ 6 ಮಹಿಳೆಯರನ್ನು ನಿಲ್ಲಿಸಿತು. ಚಿಕ್ಕೋಡಿಯಲ್ಲಿ ಪ್ರಿಯಾಂಕಾ ಜಾರಕಿಹೊಳಿ, ದಾವಣಗೆರೆಯಲ್ಲಿ ಪ್ರಭಾ ಮಲ್ಲಿಕಾರ್ಜುನ್ ಗೆದ್ದರು. ಉಳಿದ ನಾಲ್ವರು ಸೋತರು. ಆರರಲ್ಲಿ ನಾಲ್ವರು ಸೋತದ್ದನ್ನಷ್ಟೇ ನೋಡಿದರೆ ಮಹಿಳೆಯರನ್ನು ಜನ ತಿರಸ್ಕರಿಸಿದರೆನ್ನಿಸುತ್ತದೆ. ಆದರೆ ಅದೇ ಪಕ್ಷದ 22 ಪುರುಷರಲ್ಲಿ ಗೆದ್ದವರು 7 ಮಾತ್ರ. ಎರಡೂ ಕಡೆ ಗೆಲುವು ಮೂರರಲ್ಲೊಂದರಷ್ಟೇ. ಸೋತ ನಾಲ್ವರು ಮಹಿಳೆಯರು ನಿಂತದ್ದು ಬೆಂಗಳೂರು ದಕ್ಷಿಣ, ಶಿವಮೊಗ್ಗ, ಬಾಗಲಕೋಟೆ ಮತ್ತು ಉತ್ತರ ಕನ್ನಡ ಕ್ಷೇತ್ರಗಳಲ್ಲಿ. ಇವು ನಾಲ್ಕೂ ಹಿಂದಿನ ಅನೇಕ ಚುನಾವಣೆಗಳಿಂದ ಎದುರು ಪಕ್ಷದ ಭದ್ರನೆಲೆಗಳಾಗಿದ್ದವು. ಬೆಂಗಳೂರು ದಕ್ಷಿಣವಂತೂ 1991ರಿಂದಲೂ ಭಾರತೀಯ ಜನತಾ ಪಕ್ಷದ ಕೈಯಲ್ಲಿದೆ. ಆ ಪಕ್ಷವು ರಾಜ್ಯದಲ್ಲಿ ನಿಲ್ಲಿಸಿದ ಇಬ್ಬರು ಮಹಿಳೆಯರಲ್ಲಿ ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ ಗೆದ್ದರು. ದಾವಣಗೆರೆಯ ಗಾಯತ್ರಿ ಸಿದ್ದೇಶ್ವರ ಸೋತದ್ದು ಇನ್ನೊಬ್ಬ ಮಹಿಳೆಯ ಎದುರು. ಮೂರು ಕ್ಷೇತ್ರಗಳಲ್ಲಿ ಸ್ಪರ್ಧಿಸಿದ ಜಾತ್ಯತೀತ ಜನತಾದಳದ ಪಟ್ಟಿಯಲ್ಲಿ ಮಹಿಳೆಯರಿರಲಿಲ್ಲ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶ ಅಭ್ಯರ್ಥಿಗಳ ಕುಟುಂಬದ ಹಿನ್ನೆಲೆ. ದಾವಣಗೆರೆಯ ಇಬ್ಬರೂ ರಾಜಕೀಯ ಮನೆತನಗಳ ಸೊಸೆಯಂದಿರು ಅಥವಾ ಮಡದಿಯರು. ಉಳಿದವರಲ್ಲಿಯೂ ಸಚಿವರ ಮಗಳು, ಮಾಜಿ ಮುಖ್ಯಮಂತ್ರಿಯ ಮಗಳು ಎಂಬ ಪರಿಚಯವುಳ್ಳವರೇ ಹೆಚ್ಚು. ಸಚಿವರ ಪುತ್ರರಿಗೂ ಆ ವರ್ಷ ಟಿಕೆಟ್ ದೊರೆತಿತ್ತಾದ್ದರಿಂದ ಇದು ಮಹಿಳೆಯರ ಮೇಲೆ ಹೊರಿಸುವ ಆಕ್ಷೇಪವಲ್ಲ. ಆದರೆ ಪುರುಷನಿಗೆ ಮನೆತನವು ಅನೇಕ ಹಾದಿಗಳಲ್ಲಿ ಒಂದು. ಮಹಿಳೆಗೆ ಅದು ಬಹುಮಟ್ಟಿಗೆ ಏಕೈಕ ಹಾದಿಯಾಗಿ ಉಳಿದಿದೆ. ಮೊದಲ ಚುನಾವಣೆಯಲ್ಲಿ ಇಂಥವರ ಹೆಂಡತಿ ಎಂದು ಬರೆಸಿದವರ ಹೆಸರು ಪಟ್ಟಿಯಿಂದ ಹೋಯಿತು. ಇಂದು ಇಂಥವರ ಹೆಂಡತಿ, ಇಂಥವರ ಮಗಳು ಎಂದಾಗ ಪಟ್ಟಿಯಲ್ಲಿ ಹೆಸರು ಸೇರುತ್ತದೆ. ಸ್ವಂತ ಹೆಸರಿನ ಬಲದಿಂದಲೇ ಒಳಬರುವ ಮಹಿಳೆ ಎರಡು ಕಾಲದಲ್ಲಿಯೂ ವಿರಳ.

ತಡೆಯುವ ಬಾಗಿಲು

ಪಕ್ಷಗಳು ಮಹಿಳೆಯರಿಗೆ ಟಿಕೆಟ್ ಕೊಡದಿರಲು ಸಾಮಾನ್ಯವಾಗಿ ಹೇಳುವ ಕಾರಣ 'ಗೆಲ್ಲುವ ಸಾಮರ್ಥ್ಯ'. ಮೇಲಿನ ಲೆಕ್ಕವನ್ನು ನೋಡಿದರೆ ಈ ಕಾರಣ ನಿಲ್ಲದು. ಆದರೂ ಅದರ ಹಿಂದೆ ಕೆಲವು ವಾಸ್ತವ ಸಂಗತಿಗಳಿವೆಯೆಂಬುದನ್ನು ಒಪ್ಪಬೇಕು.

ಅವುಗಳಲ್ಲಿ ಮುಖ್ಯವಾದುದು ಹಣ. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿಯೊಬ್ಬನು ಕಾನೂನಿನ ಪ್ರಕಾರ ಮಾಡಬಹುದಾದ ವೆಚ್ಚದ ಮಿತಿಯನ್ನೇ 2022ರಲ್ಲಿ 95 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಅಷ್ಟನ್ನು ಹೊಂದಿಸಬಲ್ಲ ಮಹಿಳೆ ಎಷ್ಟು ಮನೆಗಳಲ್ಲಿದ್ದಾಳೆ? ಹಿಂದೂಗಳಿಗೂ ಜೈನರಿಗೂ ಸಮಾನವಾಗಿ ಅನ್ವಯಿಸುವ 1956ರ ಉತ್ತರಾಧಿಕಾರ ಕಾಯಿದೆಯಲ್ಲಿ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕಿರಲಿಲ್ಲ. ಕರ್ನಾಟಕದಲ್ಲಿ 1994ರಿಂದ ಜಾರಿಯಾದ ತಿದ್ದುಪಡಿಯಿಂದಲೂ ದೇಶದಲ್ಲಿ 2005ರ ತಿದ್ದುಪಡಿಯಿಂದಲೂ ಆ ಹಕ್ಕು ಬಂದಿತು. ಹಕ್ಕು ಬಂದ ಮೇಲೂ ಹೊಲ, ಮಳಿಗೆ, ಕಾರ್ಖಾನೆಗಳು ಮಗಳ ಹೆಸರಿಗೆ ಬಂದ ಮನೆಗಳು ಎಷ್ಟೆಂಬುದನ್ನು ಪ್ರತಿಯೊಂದು ಕುಟುಂಬವೂ ತನ್ನ ಕಾಗದಪತ್ರಗಳನ್ನು ನೋಡಿ ಹೇಳಬಹುದು. ಸ್ವಂತ ಆಸ್ತಿಯಿಲ್ಲದವರು ಸ್ವಂತ ನಿರ್ಧಾರದಿಂದ ಚುನಾವಣೆಗೆ ನಿಲ್ಲಲಾರರು.

ಇನ್ನೊಂದು ಸಂಗತಿ ಸಾರ್ವಜನಿಕ ಅನುಭವ. ಅಭ್ಯರ್ಥಿಯಾಗುವವನು ಸಹಕಾರಿ ಸಂಘ, ಹಾಲು ಉತ್ಪಾದಕರ ಸಂಘ, ಕೃಷಿ ಮಾರುಕಟ್ಟೆ ಸಮಿತಿ, ವಿದ್ಯಾಸಂಸ್ಥೆ, ದೇವಾಲಯದ ಆಡಳಿತ ಮಂಡಳಿ ಇವುಗಳಲ್ಲಿ ವರ್ಷಾನುಗಟ್ಟಲೆ ದುಡಿದು ಹತ್ತಾರು ಹಳ್ಳಿಗಳ ಪರಿಚಯವನ್ನು ಗಳಿಸಿರುತ್ತಾನೆ. ಈ ಸಂಸ್ಥೆಗಳ ಪದಾಧಿಕಾರಿಗಳ ಸಾಲಿನಲ್ಲಿ ಮಹಿಳೆಯರು ಕಾಣುವುದು ಅಪರೂಪ. ದಾನಿಗಳ ಫಲಕದಲ್ಲಿ ಆಕೆಯ ಹೆಸರಿರುತ್ತದೆ, ಉತ್ಸವದ ದುಡಿಮೆಯಲ್ಲಿ ಆಕೆಯ ಪಾಲು ದೊಡ್ಡದಿರುತ್ತದೆ. ಲೆಕ್ಕಪತ್ರ ಮಂಡಿಸುವ ಸಭೆಯಲ್ಲಿ ಮಾತ್ರ ಆಕೆಗೆ ಕುರ್ಚಿಯಿರುವುದಿಲ್ಲ. ಹೀಗೆ ಕೆಳಗಿನ ಮೆಟ್ಟಿಲುಗಳನ್ನು ಹತ್ತಲು ಬಿಡದೆ, ಮೇಲಿನ ಮೆಟ್ಟಿಲಿನಲ್ಲಿ ಅನುಭವವಿಲ್ಲವೆಂದು ಹೇಳಲಾಗುತ್ತದೆ.

ಈ ಪೈಕಿ ಯಾವೊಂದೂ ಸ್ತ್ರೀದ್ವೇಷದಿಂದ ಹುಟ್ಟಿದ್ದೆಂದು ಹೇಳಬೇಕಾಗಿಲ್ಲ. ಮಗನಿಗೆ ಮಳಿಗೆಯನ್ನು ಬರೆದುಕೊಟ್ಟ ತಂದೆ ಮಗಳನ್ನು ಕಡಿಮೆ ಪ್ರೀತಿಸಿದವನಲ್ಲ. ರೂಢಿಯಂತೆ ಪುರುಷರನ್ನೇ ಆರಿಸಿದ ಆಡಳಿತ ಮಂಡಳಿಯವರು ಸಜ್ಜನರೇ ಇದ್ದಾರು. ಆದರೆ ಸಜ್ಜನರ ರೂಢಿಗಳೆಲ್ಲ ಕೂಡಿ ಅನ್ಯಾಯದ ಮೊತ್ತವಾಗುವುದುಂಟು. ಲಿಂಗಪಕ್ಷಪಾತವೆಂಬುದು ಇಲ್ಲಿ ವ್ಯಕ್ತಿಯ ದುರುದ್ದೇಶದಲ್ಲಿರುವುದಕ್ಕಿಂತ ವ್ಯವಸ್ಥೆಯ ಅಭ್ಯಾಸದಲ್ಲಿ ಹೆಚ್ಚಾಗಿದೆ.

ಮತದಾರನ ಮನಸ್ಸು

ಮತದಾರನ ಮನಸ್ಸಿನಲ್ಲಿ ಪೂರ್ವಾಗ್ರಹ ಇದ್ದರೂ ಅದು ಅಳಿಯದ ಕಲೆಯಲ್ಲವೆಂಬುದನ್ನು ಪಂಚಾಯತಿ ವ್ಯವಸ್ಥೆಯ ಅನುಭವ ತೋರಿಸಿದೆ. ಈ ವಿಷಯದಲ್ಲಿ ಕರ್ನಾಟಕವು ದೇಶಕ್ಕಿಂತ ಮುಂದಿತ್ತು. 1983ರ ಕಾಯಿದೆಯ ಅನ್ವಯ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನಗಳನ್ನು ಕಾದಿರಿಸಿ 1987ರಲ್ಲಿ ಚುನಾವಣೆಯನ್ನು ನಡೆಸಲಾಯಿತು. ಅನಂತರ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ದೇಶಾದ್ಯಂತ ಮೂರನೆಯ ಒಂದು ಪಾಲನ್ನು ಕಡ್ಡಾಯಗೊಳಿಸಿತು.

ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಉಲ್ಲೇಖಾರ್ಹ. ಒಂದೇ ಭಾಷಣವನ್ನು ಕೆಲವರಿಗೆ ಗಂಡು ಧ್ವನಿಯಲ್ಲಿ, ಕೆಲವರಿಗೆ ಹೆಣ್ಣು ಧ್ವನಿಯಲ್ಲಿ ಕೇಳಿಸಿ ನಾಯಕನ ದಕ್ಷತೆಯ ಬಗ್ಗೆ ಅಭಿಪ್ರಾಯವನ್ನು ಕೇಳಲಾಯಿತು. ಮಹಿಳಾ ಪ್ರಧಾನರನ್ನು ಎಂದೂ ಕಾಣದ ಹಳ್ಳಿಗಳಲ್ಲಿ ಪುರುಷರು ಹೆಣ್ಣು ಧ್ವನಿಯನ್ನು ಕಡಿಮೆ ದಕ್ಷವೆಂದು ಅಳೆದರು. ಮೀಸಲಾತಿಯ ಕಾರಣದಿಂದ ಮಹಿಳಾ ಪ್ರಧಾನರ ಆಡಳಿತವನ್ನು ಕಂಡಿದ್ದ ಹಳ್ಳಿಗಳಲ್ಲಿ ಈ ಭೇದ ಬಹುಮಟ್ಟಿಗೆ ಅಳಿದುಹೋಗಿತ್ತು. ಮುಂಬಯಿಯ ಮಹಾನಗರಪಾಲಿಕೆಯ ಬಗ್ಗೆ ರಿಖಿಲ್ ಭಾವನಾನಿ ಅವರು ಅದೇ ವರ್ಷ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. 1997ರಲ್ಲಿ ಮಹಿಳೆಯರಿಗೆ ಮೀಸಲಾಗಿದ್ದು 2002ರಲ್ಲಿ ಮೀಸಲಾತಿ ಇಲ್ಲದ ವಾರ್ಡುಗಳಲ್ಲಿ ಮಹಿಳೆ ಗೆಲ್ಲುವ ಸಂಭವವು, ಮೊದಲಿನಿಂದಲೂ ಮೀಸಲಾತಿಯಿಲ್ಲದ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಹೆಚ್ಚಾಗಿತ್ತು.

ಅಂದರೆ ಪೂರ್ವಾಗ್ರಹವು ಉಪದೇಶದಿಂದ ಕರಗಿದ್ದಕ್ಕಿಂತ ಅನುಭವದಿಂದ ಕರಗಿದ್ದೇ ಹೆಚ್ಚು. ಮಹಿಳೆಯ ಆಡಳಿತವನ್ನು ಕಂಡವನು ಅದನ್ನು ಒಪ್ಪುತ್ತಾನೆ. ಕಾಣುವ ಅವಕಾಶವನ್ನೇ ಕೊಡದಿದ್ದರೆ ಹಳೆಯ ನಂಬಿಕೆ ತಾನಾಗಿ ಮುಂದುವರಿಯುತ್ತದೆ.

ಶಾಸನದ ಹಾದಿ

ಸಂವಿಧಾನ ಸಭೆಯ ಮಹಿಳಾ ಸದಸ್ಯರು ಮೀಸಲಾತಿಯನ್ನು ಬಯಸಲಿಲ್ಲ. ಸಮಾನ ಅವಕಾಶವಿದ್ದರೆ ಯೋಗ್ಯತೆಯಿಂದಲೇ ಮುಂದೆ ಬರಬಹುದೆಂಬ ವಿಶ್ವಾಸ ರೇಣುಕಾ ರೇ ಮುಂತಾದವರಲ್ಲಿತ್ತು. 1974ರ ಮಹಿಳಾ ಸ್ಥಾನಮಾನ ಸಮಿತಿಯ ಬಹುಮತವೂ ಶಾಸನಸಭೆಗಳಲ್ಲಿ ಮೀಸಲಾತಿ ಬೇಡವೆಂದಿತು. ಆದರೆ ಸಮಿತಿಯ ಸದಸ್ಯರಾದ ಲೋತಿಕಾ ಸರ್ಕಾರ್ ಮತ್ತು ವೀಣಾ ಮಜುಂದಾರ್ ಅವರು ಭಿನ್ನಮತವನ್ನು ಬರೆದರು. ಕಾಲು ಶತಮಾನದ ಅನುಭವವು ಹಿಂದಿನ ವಿಶ್ವಾಸವನ್ನು ಸಮರ್ಥಿಸಲಿಲ್ಲವೆಂಬುದನ್ನು ಅವರು ಗುರುತಿಸಿದ್ದರು.

1996ರ ಸೆಪ್ಟೆಂಬರಿನಲ್ಲಿ ದೇವೇಗೌಡರ ಸರ್ಕಾರವು ಮೂರನೆಯ ಒಂದು ಪಾಲಿನ ಮೀಸಲಾತಿಯ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತು. ಗೀತಾ ಮುಖರ್ಜಿಯವರ ಸಮಿತಿ ಅದೇ ವರ್ಷ ವರದಿಯನ್ನು ಕೊಟ್ಟಿತು. ಅಲ್ಲಿಂದ ಮಸೂದೆಯು ಅನೇಕ ಬಾರಿ ಮಂಡನೆಯಾಗಿ ಅನೇಕ ಬಾರಿ ರದ್ದಾಯಿತು. 2010ರ ಮಾರ್ಚಿಯಲ್ಲಿ ರಾಜ್ಯಸಭೆ ಒಪ್ಪಿದರೂ ಲೋಕಸಭೆಯಲ್ಲಿ ಮತಕ್ಕೆ ಬರಲೇ ಇಲ್ಲ. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಲೋಕಸಭೆ 454 ಮತಗಳಿಂದಲೂ ರಾಜ್ಯಸಭೆ ಸರ್ವಾನುಮತದಿಂದಲೂ ಅದನ್ನು ಅಂಗೀಕರಿಸಿದವು. ವಿರೋಧಿಸಿದವರು ಎರಡೇ ಮಂದಿ. ಆದರೆ ಆ ತಿದ್ದುಪಡಿಯು ಅನಂತರದ ಜನಗಣತಿ ಹಾಗೂ ಅದರ ಆಧಾರದ ಕ್ಷೇತ್ರ ಪುನರ್ವಿಂಗಡಣೆಯಾದ ಮೇಲೆ ಆಚರಣೆಗೆ ಬರತಕ್ಕದ್ದೆಂದು ಅದರಲ್ಲಿಯೇ ಬರೆಯಲಾಯಿತು. ಆದಕಾರಣ 2024ರ ಚುನಾವಣೆಗೆ ಅದು ಅನ್ವಯಿಸಲಿಲ್ಲ. ಮೂರನೆಯ ಒಂದು ಪಾಲು ಮಹಿಳೆಯರಿಗೆ ಸಲ್ಲತಕ್ಕದ್ದೆಂದು ಒಮ್ಮತದಿಂದ ಕೈಯೆತ್ತಿದ ಪಕ್ಷಗಳು, ಕೆಲವೇ ತಿಂಗಳುಗಳ ಬಳಿಕ ಟಿಕೆಟ್ ಹಂಚುವಾಗ ತಾವಾಗಿ ಆ ಪಾಲನ್ನು ಕೊಡಬಹುದಾಗಿತ್ತು. ಯಾವ ಕಾನೂನೂ ಅದನ್ನು ತಡೆದಿರಲಿಲ್ಲ. ಫಲಿತಾಂಶದಲ್ಲಿ ಮಹಿಳೆಯರ ಸಂಖ್ಯೆ 78ರಿಂದ 74ಕ್ಕೆ ಇಳಿಯಿತು.

ಉಪಸಂಹಾರ

ಮಹಿಳಾ ಅಭ್ಯರ್ಥಿಗಳ ಸೋಲಿಗೆ ಲಿಂಗಪಕ್ಷಪಾತವೇ ಕಾರಣವೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಕಣದಲ್ಲಿ ನಿಂತ ಮಹಿಳೆ ಸೋತಾಗ, ಬಹುಪಾಲು ಪ್ರಸಂಗಗಳಲ್ಲಿ ಅದಕ್ಕೆ ಪುರುಷರನ್ನು ಸೋಲಿಸುವ ಕಾರಣಗಳೇ ಕಾರಣ: ಪಕ್ಷದ ಇಳಿತ, ಎದುರಾಳಿಯ ಬಲ, ಕ್ಷೇತ್ರದ ಸ್ವರೂಪ. ಮತದಾರನನ್ನು ಇದಕ್ಕಾಗಿ ದೂರುವುದು ಲೆಕ್ಕಕ್ಕೆ ಒಪ್ಪುವುದಿಲ್ಲ. ಆದರೆ ಕಣಕ್ಕೆ ಬರುವ ಮೊದಲೇ ಹಿಂದಕ್ಕೆ ಉಳಿದವರ ಲೆಕ್ಕವನ್ನು ತೆರೆದರೆ ಪಕ್ಷಪಾತವು ಸ್ಪಷ್ಟವಾಗಿ ಕಾಣಿಸುತ್ತದೆ. ಟಿಕೆಟ್ ಹಂಚುವವರು, ಆಸ್ತಿ ಹಂಚುವವರು, ಆಡಳಿತ ಮಂಡಳಿಗಳಿಗೆ ಸದಸ್ಯರನ್ನು ಆರಿಸುವವರು ಇದರಲ್ಲಿ ಪಾಲುದಾರರು.

ತಮ್ಮ ಹೊಣೆಯನ್ನು ಮತದಾರನ ತಲೆಗೆ ಕಟ್ಟಿ, ಜನ ಒಪ್ಪುವುದಿಲ್ಲ ಎಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. ಜನ ಒಪ್ಪಿದ್ದಾರೆಂಬುದಕ್ಕೆ 1957ರಿಂದ 2024ರವರೆಗಿನ ದಾಖಲೆ ಸಾಕ್ಷಿಯಾಗಿದೆ. ಲೋಕಸಭೆಯ ಟಿಕೆಟ್ ಯಾರಿಗೆ ಸಲ್ಲಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಕೆಲವರಿಗೆ ಮಾತ್ರ ಇದೆ. ಆದರೆ ಮಗಳ ಹೆಸರಿನಲ್ಲಿ ಆಸ್ತಿಯನ್ನು ದಾಖಲಿಸುವುದು, ಊರಿನ ಸಂಘದ, ಶಾಲೆಯ, ಟ್ರಸ್ಟಿನ ಮುಂದಿನ ಆಯ್ಕೆಯಲ್ಲಿ ಯೋಗ್ಯ ಮಹಿಳೆಯ ಹೆಸರನ್ನು ಸೂಚಿಸುವುದು ಸಾಮಾನ್ಯ ಕುಟುಂಬಗಳ ಕೈಯಲ್ಲಿಯೇ ಇದೆ. ಮುಂದೊಂದು ದಿನ ಲೋಕಸಭೆಗೆ ನಿಲ್ಲಬಲ್ಲ ಮಹಿಳೆ ಸಿದ್ಧಳಾಗುವುದು ಇಂತಹ ಸಭೆಗಳಲ್ಲಿಯೇ.